ಕುಂಟೆಬಿಲ್ಲೆಯ ಗೂಢಚಾರ: ಮೂಲೆಗೆ ಸರಿಸಲ್ಪಟ್ಟವರ ಪರವಾಗಿ



ಈ ಸಲ ನೆನಪಿನ ಬುತ್ತಿಯ ಬದಲು ಒಂದು ಜಗಳವನ್ನು ನಿಮ್ಮ ಮುಂದೆ ಬಿಚ್ಚಿಡುತ್ತಿದ್ದೇನೆ. ಜಗಳ ನನಗೂ ನನ್ನ ತಂಗಿಯ ಮಗನಿಗೂ ನಡುವಿನದು. ಅವನು ಬೆಂಗಳೂರಿನ ಒಂದು ಕಂಪನಿಯಲ್ಲಿ ನಲವತ್ತು ಜನರ ಮೇಲಿನ ಅಧಿಕಾರಿ. ದಸರಾ ರಜೆಗೆ ಬಂದವನು, "ಮಾವ, ನಿಮಗೆ ಹಿಡಿಸುವಂಥ ಒಂದು ಹಳೆಯ ಇಂಗ್ಲಿಷ್ ಸಿನಿಮಾ ತಂದಿದ್ದೇನೆ" ಎಂದು ರಾತ್ರಿ ಊಟವಾದ ಮೇಲೆ ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿದ. ನನ್ನಾಕೆಯೂ ಬಂದು ಕುಳಿತಳು. ಇಂಗ್ಲಿಷ್ ಸಂಭಾಷಣೆ ಅರ್ಧ ಅರ್ಥವಾಗದಿದ್ದರೂ ನಮ್ಮಿಬ್ಬರಿಗಿಂತ ಹೆಚ್ಚು ನಕ್ಕವಳು ಅವಳೇ.

ಚಿತ್ರ ಮುಗಿಯಿತು. ಅಳಿಯ ಲ್ಯಾಪ್‌ಟಾಪ್ ಮುಚ್ಚುತ್ತ ತೀರ್ಪು ಕೊಟ್ಟ: "ಮಜವಾಗಿದೆ ಮಾವ. ಆದರೆ ತಪ್ಪೆಲ್ಲ ಆ ಮುದುಕನದೇ. ಮೇಲಿನವರು ಹೇಳಿದ ಹಾಗೆ ಮಾಡಲಿಲ್ಲ, ಕೆಲಸ ಬದಲಾಯಿಸಿದರೆ ಹಗೆ ಸಾಧಿಸಿದ. ಇಂಥವರನ್ನು ಕಟ್ಟಿಕೊಂಡು ಕಚೇರಿ ನಡೆಸುವ ಕಷ್ಟ ನಿಮಗೆ ಗೊತ್ತಿಲ್ಲ. ಹೋಗಲಿ ಬಿಡಿ, ಹೇಗೂ ಹಗುರವಾದ ಸಿನಿಮಾ." ಇಷ್ಟು ಹೇಳಿ ಅವನು ಮಲಗಿ ನಿದ್ದೆಹೋದ. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ ನಾನು ಸಿದ್ಧಪಡಿಸಿಕೊಂಡ ಉತ್ತರವನ್ನು ಕೇಳಲು ಅವನಿಗೆ ವೇಳೆಯಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಆದ್ದರಿಂದ ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಅವನ ಮೇಲೆ ನನಗೆ ಮುನಿಸಿಲ್ಲ. ಆದರೆ ಅವನ ಆ ಮಾತಿನ ಮೇಲೆ ಇದೆ.

ಚಿತ್ರದ ಹೆಸರು 'ಹಾಪ್‌ಸ್ಕಾಚ್'. ಅಂದರೆ ನಮ್ಮ ಕುಂಟೆಬಿಲ್ಲೆ! ಬಂದದ್ದು 1980ರಲ್ಲಿ. ನಿರ್ದೇಶಿಸಿದವರು ರೊನಾಲ್ಡ್ ನೀಮ್ ಎಂಬ ಬ್ರಿಟಿಷ್ ನಿರ್ದೇಶಕರು. ಬ್ರಯಾನ್ ಗಾರ್‌ಫೀಲ್ಡ್ 1975ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಮೂಲ. ಪತ್ತೇದಾರಿ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ಎಡ್ಗರ್ ಪ್ರಶಸ್ತಿಯನ್ನು ಆ ಕಾದಂಬರಿ ಪಡೆದಿತ್ತು. ಕಾದಂಬರಿ ಗಂಭೀರವಾದದ್ದು, ಅದನ್ನು ನಗೆಯ ಚಿತ್ರವಾಗಿ ಮಾರ್ಪಡಿಸಿದಾಗ ಮುಖ್ಯ ಪಾತ್ರಕ್ಕೆ ಬಂದವರು ವಾಲ್ಟರ್ ಮ್ಯಾಥೌ. ಜೋಲುಮೋರೆ, ಕುಗ್ಗಿದ ಹೆಗಲು, ಇಸ್ತ್ರಿ ಕಾಣದಂತೆ ತೋರುವ ಕೋಟು! ನೋಡಿದರೆ ಗೂಢಚಾರನೆನ್ನುವುದಕ್ಕಿಂತ ನಿವೃತ್ತಿಯ ಅಂಚಿನಲ್ಲಿರುವ ಮುಖ್ಯೋಪಾಧ್ಯಾಯನೆಂದೇ ಹೇಳಬೇಕು.

ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೈಲ್ಸ್ ಕೆಂಡಿಗ್ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಿರಿಯ, ಪಳಗಿದ ಅಧಿಕಾರಿ. ಜರ್ಮನಿಯ ಮ್ಯೂನಿಕ್ ನಗರದ ಬಿಯರ್ ಉತ್ಸವದ ಗದ್ದಲದ ನಡುವೆ ರಷ್ಯದವರ ಕೈಸೇರಲಿದ್ದ ಮೈಕ್ರೋಫಿಲ್ಮನ್ನು ತಡೆದು, ಕೆಜಿಬಿಯ ಯಾಸ್ಕೋವ್‌ನಿಂದ ಅದನ್ನು ವಶಪಡಿಸಿಕೊಳ್ಳುತ್ತಾನೆ. ಆದರೆ ಯಾಸ್ಕೋವ್‌ನನ್ನು ಬಂಧಿಸುವುದಿಲ್ಲ, ಬಿಟ್ಟುಬಿಡುತ್ತಾನೆ. ವಾಷಿಂಗ್ಟನ್ನಿನಲ್ಲಿರುವ ಮೇಲಧಿಕಾರಿ ಮೈಯರ್ಸನ್ ಕೆರಳುತ್ತಾನೆ. ಕೆಂಡಿಗ್‌ನನ್ನು ಕಡತಗಳ ವಿಭಾಗಕ್ಕೆ ತಳ್ಳಿ, ನಿವೃತ್ತಿಯವರೆಗೆ ಅಲ್ಲೇ ಕೊಳೆಯುವಂತೆ ಆಜ್ಞಾಪಿಸುತ್ತಾನೆ. ಕೆಂಡಿಗ್ ವಾದಿಸುವುದಿಲ್ಲ, ಬೇಡುವುದೂ ಇಲ್ಲ. ತನ್ನದೇ ಕಡತವನ್ನು ಚೂರುಚೂರು ಮಾಡಿಸಿ ಆಸ್ಟ್ರಿಯದ ಸಾಲ್ಸ್‌ಬರ್ಗ್‌ನಲ್ಲಿರುವ ಹಳೆಯ ಗೆಳತಿ ಇಸೊಬೆಲ್‌ಳ ಮನೆ ಸೇರುತ್ತಾನೆ. ಅಲ್ಲಿಂದ ಅವನ ಆಟ ಆರಂಭ: ತನ್ನ ಸೇವೆಯ ನೆನಪುಗಳನ್ನು ಬರೆಯುತ್ತ, ಸಂಸ್ಥೆಯ ಮೂರ್ಖತನಗಳನ್ನೆಲ್ಲ ಬಯಲಿಗಿಡುವ ಅಧ್ಯಾಯಗಳನ್ನು ಒಂದೊಂದಾಗಿ ಹಲವು ದೇಶಗಳ ಗುಪ್ತಚರ ಮುಖ್ಯಸ್ಥರಿಗೆ ಅಂಚೆಯಲ್ಲಿ ಕಳುಹಿಸುತ್ತಾನೆ. ಸಿಐಎ ಬೆನ್ನಟ್ಟುತ್ತದೆ, ಯಾಸ್ಕೋವನೂ ಬೆನ್ನಟ್ಟುತ್ತಾನೆ. ಬೆನ್ನಟ್ಟುವವರಿಗೆ ದಾರಿ ತಪ್ಪಿದರೆ ಕೆಂಡಿಗ್‌ನೇ ಸುಳಿವು ಕೊಡುತ್ತಾನೆ!

ಈಗ ನನ್ನ ಅಳಿಯನ ಆರೋಪಗಳಿಗೆ ಬರೋಣ. ಅವು ಮೂರು. ಒಂದು, ಕೆಂಡಿಗ್ ಅವಿಧೇಯ. ಎರಡು, ಅವನು ಹಗೆ ಸಾಧಿಸಿದ. ಮೂರು, ಇದೆಲ್ಲ ಹಗುರವಾದ ವಿನೋದ, ಇದರಿಂದ ಕಲಿಯುವುದೇನೂ ಇಲ್ಲ. ಕ್ರಮವಾಗಿ ಉತ್ತರಿಸುತ್ತೇನೆ. ತರಗತಿಯಲ್ಲಿ ಕ್ರಮ ತಪ್ಪಿ ಉತ್ತರ ಬರೆದವರಿಗೆ ನಾನು ಏನು ಮಾಡುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು.

ಮೊದಲನೆಯದು ಅವಿಧೇಯತೆ. ಯಾಸ್ಕೋವ್‌ನನ್ನು ಏಕೆ ಬಿಟ್ಟೆಯೆಂದು ಕೇಳಿದಾಗ ಕೆಂಡಿಗ್ ಕೊಡುವ ಕಾರಣ ಸರಳವಾದದ್ದು. ಅವನನ್ನು ಹಿಡಿದರೆ ರಷ್ಯದವರು ಅವನ ಜಾಗಕ್ಕೆ ಇನ್ನೊಬ್ಬನನ್ನು ಕಳುಹಿಸುತ್ತಾರೆ. ಆ ಹೊಸಬ ಯಾರು, ಅವನ ನಡೆ ಹೇಗೆ ಎಂಬುದನ್ನೆಲ್ಲ ಮೊದಲಿನಿಂದ ಕಂಡುಹಿಡಿಯಬೇಕು. ಯಾಸ್ಕೋವ್ ಆದರೋ ಅಂಗೈಯ ಗೆರೆಯಂತೆ ಪರಿಚಿತ. ಬೇಕಾಗಿದ್ದ ವಸ್ತು ಕೈಗೆ ಬಂದ ಮೇಲೆ ಮನುಷ್ಯನನ್ನು ಹಿಡಿದು ಸಾಧಿಸುವುದೇನು? ಇದು ಅವಿಧೇಯತೆಯಲ್ಲ ಮಹರಾಯರೇ, ಇದು ವಿವೇಕ. ದಶಕಗಳ ಅನುಭವದಿಂದ ಮಾತ್ರ ಬರುವಂಥ ವಿವೇಕ. ಮೈಯರ್ಸನ್ನನಿಗೆ ಇದು ಅರ್ಥವಾಗಲಿಲ್ಲವೆಂದಲ್ಲ. ತನ್ನನ್ನು ಕೇಳದೆ ಒಬ್ಬನು ವಿವೇಕದಿಂದ ನಡೆದುಕೊಂಡನಲ್ಲಾ ಎಂಬುದೇ ಅವನ ಸಂಕಟ.

ಎದುರು ವಾದವನ್ನು ನಾನೇ ಹೇಳಿಬಿಡುತ್ತೇನೆ, ಇತಿಹಾಸ ಕಲಿಸಿದವನು ಅನುಕೂಲವಾದ ಸಾಕ್ಷ್ಯವನ್ನಷ್ಟೇ ಆರಿಸಿಕೊಳ್ಳಬಾರದು. 1971ರಲ್ಲಿ ಬ್ರಿಟನ್ ಸರ್ಕಾರವು ಬೇಹುಗಾರಿಕೆಯ ಆರೋಪದ ಮೇಲೆ 105 ಸೋವಿಯತ್ ಅಧಿಕಾರಿಗಳಿಗೆ ಒಂದೇ ಏಟಿಗೆ ಬಾಗಿಲು ಮುಚ್ಚಿತು. ಲಂಡನ್ನಿನಲ್ಲಿ ಕೆಜಿಬಿಯ ಜಾಲಕ್ಕೆ ಅದರಿಂದ ದೊಡ್ಡ ಪೆಟ್ಟು ಬಿದ್ದದ್ದೂ ನಿಜ. ಹಾಗಾದರೆ ಹಿಡಿದು ಅಟ್ಟುವುದೇ ಸರಿಯಲ್ಲವೇ? ಸಂದರ್ಭ ಕೂಡಿಬಂದಾಗ ಸರಿ. ಆದರೆ ಆ ತೀರ್ಮಾನದ ಹಿಂದೆ ವರ್ಷಗಟ್ಟಲೆ ಕಾದು, ನೋಡಿ, ಯಾರು ಯಾರೆಂದು ಪಟ್ಟಿಮಾಡಿದವರ ದುಡಿಮೆ ಇತ್ತು. ಅತ್ತಲಿಂದ ಇತ್ತ ಬಂದ ಲ್ಯಾಲಿನ್ ಎಂಬ ಕೆಜಿಬಿ ಅಧಿಕಾರಿ ಕೊಟ್ಟ ಮಾಹಿತಿಯಿತ್ತು. ಹಿಡಿಯಬೇಕೋ ಬಿಡಬೇಕೋ ಎಂಬುದನ್ನು ಬಲ್ಲವನು ನಿರ್ಧರಿಸಬೇಕು ಎಂಬುದಷ್ಟೇ ನನ್ನ ವಾದ. ಕುರ್ಚಿ ದೊಡ್ಡದಾದ ಮಾತ್ರಕ್ಕೆ ಬಲ್ಮೆ ದೊಡ್ಡದಾಗುವುದಿಲ್ಲ.

ಇಲ್ಲಿ ನನ್ನ ಕಥೆಯನ್ನು ಸ್ವಲ್ಪ ಹೇಳಬೇಕಾಗಿದೆ. ನಿಮ್ಮಲ್ಲಿ ಕೆಲವರಿಗೆ ಗೊತ್ತು, ಹಲವರಿಗೆ ಗೊತ್ತಿಲ್ಲ. ನನ್ನ ಸೇವೆಯ ಕೊನೆಯ ಮೂರು ವರ್ಷಗಳಲ್ಲಿ ನಾನು ಹತ್ತನೆಯ ತರಗತಿಗೆ ಪಾಠ ಮಾಡಲಿಲ್ಲ. ಅದಕ್ಕೆ ಕಾರಣ ಒಂದು ಪೂರ್ವಸಿದ್ಧತಾ ಪರೀಕ್ಷೆ. ಕೊಠಡಿಯ ಮೇಲ್ವಿಚಾರಣೆಯಲ್ಲಿದ್ದಾಗ ಒಬ್ಬ ಹುಡುಗನ ತೋಳಿನ ಮಡಿಕೆಯಲ್ಲಿ ಚೀಟಿ ಕಂಡಿತು. ಚೀಟಿಯನ್ನು ಕಸಿದುಕೊಂಡೆ, ಆ ಪುಟಕ್ಕೆ ಅಡ್ಡಗೆರೆ ಎಳೆದೆ, ಹುಡುಗನನ್ನು ಉಳಿದ ಪ್ರಶ್ನೆಗಳಿಗೆ ಬರೆಯಲು ಬಿಟ್ಟೆ. ಅವನ ಮನೆಯ ಪರಿಸ್ಥಿತಿ ನನಗೆ ಗೊತ್ತಿತ್ತು. ಅಂದು ಹೊರಗೆ ಅಟ್ಟಿದರೆ ಅವನು ಮರುದಿನ ಶಾಲೆಗಲ್ಲ, ಗಾರೆ ಕೆಲಸಕ್ಕೆ ಹೋಗುತ್ತಾನೆಂಬುದೂ ಗೊತ್ತಿತ್ತು. ಮೇಲಿನವರಿಗೆ ಆ ಹುಡುಗ ಒಂದು ಉದಾಹರಣೆಯಾಗಿ ಬೇಕಾಗಿದ್ದ. ಉದಾಹರಣೆ ಸಿಗಲಿಲ್ಲ, ಮೇಷ್ಟ್ರು ಸಿಕ್ಕರು.

ಮುಂದಿನ ಜೂನ್‌ನಲ್ಲಿ ವೇಳಾಪಟ್ಟಿ ಬಂದಾಗ ನನ್ನ ಹೆಸರಿನ ಮುಂದೆ ದಾಖಲಾತಿ ಪುಸ್ತಕ, ವಿದ್ಯಾರ್ಥಿವೇತನದ ಅರ್ಜಿಗಳು, ಬಿಸಿಯೂಟದ ಲೆಕ್ಕ ಎಂದಿತ್ತು. ಜೊತೆಗೆ ಎಂಟನೆಯ ತರಗತಿಗೆ ವಾರಕ್ಕೆ ಎರಡು ಪೀರಿಯಡ್ಡು. ಯಾರೂ ಕರೆದು ಕಾರಣ ಹೇಳಲಿಲ್ಲ. "ನಿಮಗೂ ವಯಸ್ಸಾಯಿತಲ್ಲ, ಸ್ವಲ್ಪ ಆರಾಮವಾಗಿರಲಿ ಅಂತ" ಎಂಬ ಸಿಹಿಮಾತು ಮಾತ್ರ ಬಂತು. ಮಕ್ಕಳೇ, ಆ ಸಿಹಿಮಾತಿಗಿಂತ ಮೈಯರ್ಸನ್ನನ ಬೈಗುಳ ಎಷ್ಟೋ ಮೇಲು. ಅವನು ಕೋಪವನ್ನು ಕೋಪವೆಂದೇ ತೋರಿಸಿದ.

ನನ್ನ ತಪ್ಪನ್ನೂ ಹೇಳಬೇಕು. ಆ ದಿನ ನಡೆದದ್ದನ್ನು ಬರಹದಲ್ಲಿ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ತಿಳಿಸಲಿಲ್ಲ. ಮುಖ್ಯಸ್ಥರಿಗೆ ಅದು ಬೇರೊಬ್ಬರ ಬಾಯಿಂದ ತಿಳಿಯಿತು. ತನ್ನ ಕೆಳಗಿನವನು ಮುಚ್ಚಿಟ್ಟನೆಂದು ಒಬ್ಬ ಅಧಿಕಾರಿಗೆ ಅನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಳಿಯನ ಮಾತಿನಲ್ಲಿ ಸತ್ಯವಿದ್ದರೆ ಅದು ಇಷ್ಟೇ. ಆದರೆ ಕಾಗದ ಬರೆಯದ ತಪ್ಪಿಗೆ ಮೂರು ವರ್ಷ ಪಾಠ ಮಾಡದ ಶಿಕ್ಷೆಯೇ? ಆ ಶಿಕ್ಷೆ ನನಗಷ್ಟೇ ಆಯಿತೇ, ಎದುರು ಬೆಂಚಿನಲ್ಲಿ ಕುಳಿತವರಿಗೂ ಆಯಿತೇ? ಅಂದಹಾಗೆ, ಆ ಹುಡುಗ ಪಾಸಾದ. ಈ ಬರಹಗಳನ್ನು ಅವನೂ ಓದುತ್ತಾನೆ. ಅವನ ಹೆಸರನ್ನು ಹೇಳುವುದಿಲ್ಲ, ಯಾರೂ ಊಹಿಸಲು ಹೋಗಬೇಡಿ.

ಮೂಲೆಗೆ ಸರಿಸುವುದು ಒಬ್ಬಿಬ್ಬರ ಸಣ್ಣತನವಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಸಂಸ್ಥೆಗಳ ಸ್ವಭಾವವಾಗಿಬಿಡುತ್ತದೆ. ಚಿತ್ರ ಬರುವುದಕ್ಕೆ ಮೂರು ವರ್ಷ ಮೊದಲು, 1977ರ ಅಕ್ಟೋಬರ್ ಕೊನೆಯಲ್ಲಿ, ಸಿಐಎಯ ಅಂದಿನ ನಿರ್ದೇಶಕ ಸ್ಟ್ಯಾನ್ಸ್‌ಫೀಲ್ಡ್ ಟರ್ನರ್ ಬೇಹುಗಾರಿಕೆಯ ವಿಭಾಗದಲ್ಲಿ ಎಂಟುನೂರರಷ್ಟು ಹುದ್ದೆಗಳನ್ನು ಕಡಿತಗೊಳಿಸಲು ಹೊರಟರು. ಉಪಗ್ರಹಗಳು, ಯಂತ್ರಗಳು ಇರುವಾಗ ಇಷ್ಟೊಂದು ಮನುಷ್ಯರು ಏಕೆ ಎಂಬ ಧೋರಣೆ ಅದರ ಹಿಂದೆ ಇತ್ತು. ಆ ಸಂಸ್ಥೆಯಲ್ಲಿ ಕೆಲವು ಹುದ್ದೆಗಳು ಹೆಚ್ಚಾಗಿದ್ದಿರಬಹುದು. 1975ರಲ್ಲಿ ಅಮೆರಿಕದ ಸೆನೆಟ್ಟಿನ ಚರ್ಚ್ ಸಮಿತಿ ಬಯಲಿಗೆಳೆದ ಅದರ ಅಕ್ರಮಗಳನ್ನು ಓದಿದವರಾರೂ ಅದಕ್ಕಾಗಿ ಕಣ್ಣೀರಿಡಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಊರೂರು ಸುತ್ತಿ, ಭಾಷೆ ಕಲಿತು, ಜನರನ್ನು ಬಲ್ಲವರಾದವರಿಗೆ ಒಂದು ಚಿಕ್ಕ ಒಕ್ಕಣೆಯ ಪತ್ರ ಬಂದರೆ ಹೇಗಿರುತ್ತದೆಂಬುದನ್ನು ಊಹಿಸಿ. ಚಿತ್ರ ನೋಡಿದ ಅಮೆರಿಕದ ಪ್ರೇಕ್ಷಕರಿಗೆ ಕೆಂಡಿಗ್ ಬರೀ ಕಲ್ಪನೆಯ ಮನುಷ್ಯನಾಗಿ ತೋರಿರಲಾರ.

ಗೂಢಚಾರರ ಕಥೆ ಬರೆಯುವವರಿಗೂ ಈ ಮೂಲೆ ಬಹಳ ಪರಿಚಿತ. ಜಾನ್ ಲೆ ಕಾರೆಯ 1974ರ ಪ್ರಸಿದ್ಧ ಕಾದಂಬರಿಯಲ್ಲಿ ಜಾರ್ಜ್ ಸ್ಮೈಲಿಯನ್ನು ಹೊರಗಟ್ಟಿದವರೇ ಒಳಗಿನ ದ್ರೋಹಿಯನ್ನು ಹುಡುಕಲು ಬೇರೆ ದಾರಿ ಕಾಣದೆ ಅವನನ್ನೇ ಕರೆಯಬೇಕಾಗುತ್ತದೆ. ಮಿಕ್ ಹೆರನ್‌ನ ಕಾದಂಬರಿಗಳಲ್ಲಿ, 2022ರಿಂದ ಧಾರಾವಾಹಿಯಾಗಿಯೂ ಬಂದಿರುವ 'ಸ್ಲೋ ಹಾರ್ಸಸ್' ಕಥೆಗಳಲ್ಲಿ, ತಪ್ಪು ಮಾಡಿದವರನ್ನು ತುಂಬುವುದಕ್ಕೆಂದೇ ಲಂಡನ್ನಿನಲ್ಲಿ ಒಂದು ಹಾಳುಬಿದ್ದ ಕಟ್ಟಡವಿದೆ. ಕಥೆಗಾರರಿಗೆ ಗೊತ್ತಿರುವ ಈ ಸತ್ಯ ಆಡಳಿತಗಾರರಿಗೆ ಏಕೆ ಗೊತ್ತಾಗುವುದಿಲ್ಲವೋ! 'ಹಿತ್ತಲ ಗಿಡ ಮದ್ದಲ್ಲ' ಎನ್ನುತ್ತಾರೆ. ಮದ್ದಾಗದಿದ್ದರೆ ಬಿಡಲಿ, ಕಿತ್ತೆಸೆಯುವ ಮುನ್ನ ಅದೇನು ಗಿಡವೆಂದಾದರೂ ನೋಡಬೇಡವೇ?

ಎರಡನೆಯ ಆರೋಪ, ಹಗೆ. ಇಲ್ಲಿ ಒಂದು ದೃಶ್ಯವನ್ನು ನನ್ನ ಅಳಿಯ ಸರಿಯಾಗಿ ಗಮನಿಸಲಿಲ್ಲವೆಂದು ಕಾಣುತ್ತದೆ. ಸಾಲ್ಸ್‌ಬರ್ಗ್‌ನಲ್ಲಿ ಯಾಸ್ಕೋವ್ ಬಂದು ಕೆಂಡಿಗ್‌ನನ್ನು ತನ್ನ ಕಡೆಗೆ ಕರೆಯುತ್ತಾನೆ. ಹಗೆ ಸಾಧಿಸುವವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು? ಒಂದು ಮಾತು ಆಡಿದ್ದರೆ ಮೈಯರ್ಸನ್ನನ ಬಾಳೇ ಮುಗಿಯುತ್ತಿತ್ತು. ಕೆಂಡಿಗ್ ಒಲ್ಲೆನೆನ್ನುತ್ತಾನೆ. ದೇಶವನ್ನು ಮಾರುವುದಿಲ್ಲ, ಆದರೆ ದೇಶದ ಹೆಸರಿನಲ್ಲಿ ಕುರ್ಚಿಯ ಮೇಲೆ ಕುಳಿತವನ ಮೂರ್ಖತನವನ್ನು ಮುಚ್ಚಿಡುವುದೂ ಇಲ್ಲ. ಈ ಎರಡರ ನಡುವಿನ ಗೆರೆಯನ್ನು ಅವನು ಒಮ್ಮೆಯೂ ತುಳಿಯುವುದಿಲ್ಲ. ಚಿತ್ರಕ್ಕೆ ಕುಂಟೆಬಿಲ್ಲೆಯ ಹೆಸರಿಟ್ಟದ್ದು ಮನೆಯಿಂದ ಮನೆಗೆ ಹಾರುವುದಕ್ಕಾಗಿ ಇರಬಹುದು. ನನಗೆ ಮಾತ್ರ ಆ ಆಟದ ಇನ್ನೊಂದು ನಿಯಮ ನೆನಪಾಯಿತು: ಗೆರೆ ತುಳಿದರೆ ಆಟ ಹೋಯಿತು.

ಆತ ಮೈಯರ್ಸನ್ನನಿಗೆ ಕೊಡುವ ಪೆಟ್ಟಾದರೂ ಎಂಥದ್ದು ನೋಡಿ. ಅಮೆರಿಕಕ್ಕೆ ಮರಳಿ, ಜಾರ್ಜಿಯ ರಾಜ್ಯದಲ್ಲಿ ಖಾಲಿಯಿದ್ದ ಮೈಯರ್ಸನ್ನನ ಸ್ವಂತ ಮನೆಯಲ್ಲೇ ಬಿಡಾರ ಹೂಡಿ ಬರೆಯುತ್ತಾನೆ. ಬೆನ್ನಟ್ಟಿ ಬಂದ ಎಫ್‌ಬಿಐನವರು ಆ ಮನೆಗೆ ಗುಂಡಿನ ಮಳೆಗರೆಯುತ್ತಾರೆ. ಕೆಂಡಿಗ್ ಅಷ್ಟರಲ್ಲಿ ಅಲ್ಲಿಂದ ಪಾರು. ಕಿಟಕಿ, ಗೋಡೆ, ಪೀಠೋಪಕರಣಗಳೆಲ್ಲ ಮೈಯರ್ಸನ್ನನವು! ಅವನ ಮನೆಯನ್ನು ಪುಡಿಮಾಡಿದ್ದು ಕೆಂಡಿಗ್‌ನ ಕೈಯಲ್ಲ, ಮೈಯರ್ಸನ್ನನ ಹಠವೇ. 'ಕೈಲಾಗದವನು ಮೈ ಪರಚಿಕೊಂಡ' ಎಂಬ ನಮ್ಮ ಗಾದೆಯನ್ನು ಇದಕ್ಕಿಂತ ಚೆನ್ನಾಗಿ ತೆರೆಯ ಮೇಲೆ ಯಾರೂ ತೋರಿಸಿರಲಾರರು.

ಆದರೆ ಇಲ್ಲೇ ನಾನು ಕೆಂಡಿಗ್‌ನಿಂದ ಸ್ವಲ್ಪ ದೂರ ಸರಿಯುತ್ತೇನೆ. ಚಿತ್ರದಲ್ಲಿ ನೆನಪುಗಳ ಪುಸ್ತಕ ಬರೆಯುವುದು ಎಷ್ಟು ಸುಲಭ! ನಿಜಜೀವನದಲ್ಲಿ ಅದು ಹಾಗಿರಲಿಲ್ಲ. ಸಿಐಎಯಲ್ಲಿದ್ದ ಫಿಲಿಪ್ ಏಜಿ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗುಪ್ತವಾಗಿ ಕೆಲಸಮಾಡುತ್ತಿದ್ದ ಅನೇಕರ ಹೆಸರುಗಳನ್ನೇ ಕೊಟ್ಟರು. 1979ರಲ್ಲಿ ಅವರ ಪಾಸ್‌ಪೋರ್ಟನ್ನು ಅಮೆರಿಕ ಸರ್ಕಾರ ರದ್ದುಮಾಡಿತು. ವಿಯೆಟ್ನಾಮಿನಲ್ಲಿ ಕೆಲಸಮಾಡಿದ ಫ್ರಾಂಕ್ ಸ್ನೆಪ್ 1977ರಲ್ಲಿ ಸೈಗಾನ್ ಪತನದ ಕಥೆಯನ್ನು ಬರೆದರು. ಅದರಲ್ಲಿ ರಹಸ್ಯ ಮಾಹಿತಿ ಇದೆಯೆಂದು ಸರ್ಕಾರವೂ ವಾದಿಸಲಿಲ್ಲ. ಆದರೂ ಅನುಮತಿ ಪಡೆಯದೆ ಪ್ರಕಟಿಸಿದ ತಪ್ಪಿಗೆ ಪುಸ್ತಕದ ಸಂಪಾದನೆಯನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕೆಂದು 1980ರಲ್ಲಿ, ಇದೇ ಚಿತ್ರ ಬಂದ ವರ್ಷದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಮ್ಮ ದೇಶದಲ್ಲೂ 2021ರಲ್ಲಿ ಪಿಂಚಣಿ ನಿಯಮಗಳನ್ನು ತಿದ್ದಿ, ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ಕೆಲಸದ ಕುರಿತು ಬರೆಯುವ ಮುನ್ನ ಅನುಮತಿ ಪಡೆಯಬೇಕೆಂದು ವಿಧಿಸಲಾಯಿತು.

ಏಜಿಯವರದೂ ಸ್ನೆಪ್ಪರದೂ ಒಂದೇ ಬಗೆಯ ಕೆಲಸವೆಂದು ನಾನು ಒಪ್ಪಲಾರೆ. ನಡೆದ ಅವಿವೇಕವನ್ನು ಬರೆಯುವುದು ಬೇರೆ, ಇನ್ನೂ ಅಪಾಯದ ನಡುವೆ ಇರುವವನ ಹೆಸರನ್ನು ಬರೆಯುವುದು ಬೇರೆ. ಚಿತ್ರದಲ್ಲಿ ಕೆಂಡಿಗ್‌ನ ಅಧ್ಯಾಯಗಳಿಂದ ಅವಮಾನವಾಗುವುದು ಮೈಯರ್ಸನ್ನನಂಥವರಿಗೆ. ಆ ಪುಟಗಳಲ್ಲಿ ಬಡ ಸಿಪಾಯಿಯೊಬ್ಬನ ಹೆಸರೂ ಇದ್ದಿದ್ದರೆ? ಈ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ. ನಗೆಯ ಚಿತ್ರಕ್ಕೆ ಅದು ಸಲ್ಲುವ ರಿಯಾಯಿತಿ. ಆದರೆ ಬರೆಯಲು ಕೂರುವ ನಮಗೆ ಆ ರಿಯಾಯಿತಿ ಇಲ್ಲ.

ಇದನ್ನು ಏಕೆ ಒತ್ತಿ ಹೇಳುತ್ತಿದ್ದೇನೆಂದರೆ ನನ್ನಲ್ಲೂ ಒಂದು ನೋಟುಬುಕ್ಕಿದೆ. ಇನ್ನೂರು ಪುಟದ್ದು. ನಿವೃತ್ತಿಯಾದ ವರ್ಷ ಅದರಲ್ಲಿ ನಾಲ್ಕು ಅಧ್ಯಾಯ ಬರೆದೆ. ಹೆಸರು, ದಿನಾಂಕ, ಯಾರು ಏನಂದರು ಎಲ್ಲವೂ ಇದೆ. "ಸರ್, ಎಲ್ಲ ಬರೆದುಬಿಡಿ, ನಾವಿದ್ದೇವೆ" ಎಂದು ನಿಮ್ಮಲ್ಲೇ ಕೆಲವರು ಒತ್ತಾಯಿಸಿದ್ದೀರಿ. ಆ ರಾತ್ರಿ ನಿದ್ದೆ ಬಾರದೆ ಎದ್ದು ಅದನ್ನು ತೆಗೆದು ಓದಿದೆ. ನಾಲ್ಕರಲ್ಲಿ ಮೂರು ಅಧ್ಯಾಯಗಳಲ್ಲಿ ಬರೀ ಬಿಸಿಯಿತ್ತು, ಬೆಳಕಿರಲಿಲ್ಲ. ನನ್ನನ್ನು ಸರಿಸಿದವರ ಮಕ್ಕಳು ನನ್ನ ಬಳಿಯೇ ಓದಿದವರು. ಈ ಸಾಲುಗಳನ್ನು ಅವರೂ ಓದುತ್ತಿರಬಹುದು. ಅವರ ತಂದೆಯ ಹೆಸರನ್ನು ಇಲ್ಲಿ ಬರೆದು ನಾನು ಗೆಲ್ಲುವುದೇನು? ನೋಟುಬುಕ್ಕು ಬೀರುವಿನಲ್ಲೇ ಇರುತ್ತದೆ. ಹೆಸರಿಲ್ಲದೆ ಹೇಳಬೇಕಾದದ್ದನ್ನು ಇಂದು ಹೇಳುತ್ತಿದ್ದೇನೆ. ಮೌನವಾಗಿರುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಟ್ಟಿಲ್ಲ.

ಮೂರನೆಯ ಆರೋಪ, ಹಗುರವಾದ ಸಿನಿಮಾ. ಇದು ನನ್ನನ್ನು ಅತ್ಯಂತ ಕೆರಳಿಸಿದ ಮಾತು. ನಮ್ಮ ತಲೆಮಾರಿನವರು ಗೂಢಚಾರನನ್ನು ಮೊದಲು ಕಂಡದ್ದು ಟೂರಿಂಗ್ ಟಾಕೀಸಿನಲ್ಲಿ. ದೊರೆ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ'ಯನ್ನು ತಂದಾಗ ಡಾ. ರಾಜಕುಮಾರ್ ಅವರು ಸಿಐಡಿ 999 ಆಗಿ ಬಂದರು. ಅದರ ಬೆನ್ನಿಗೇ 'ಗೋವಾದಲ್ಲಿ ಸಿಐಡಿ 999' ಬಂತು. ಮರಳ ಮೇಲೆ ಕುಳಿತು ನೋಡಿದ ಆ ಚಿತ್ರಗಳನ್ನು ನಾನು ಇಂದಿಗೂ ಪ್ರೀತಿಸುತ್ತೇನೆ. ಆದರೆ ಆ ಲೋಕದಲ್ಲಿ ನಾಯಕ ಮುದುಕನಾಗುವುದಿಲ್ಲ, ಮೇಲಧಿಕಾರಿ ಸಣ್ಣವನಾಗಿರುವುದಿಲ್ಲ, ಹೊಡೆದಾಟದಿಂದ ಬಗೆಹರಿಯದ ಸಮಸ್ಯೆಯೂ ಇರುವುದಿಲ್ಲ. 'ಹಾಪ್‌ಸ್ಕಾಚ್'ನಲ್ಲಿ ಸಾಯುವವರೇ ಇಲ್ಲ! ಮುಖ್ಯ ಪಾತ್ರಧಾರಿ ಬಳಸುವ ಆಯುಧಗಳು ಬೆರಳಚ್ಚು ಯಂತ್ರ, ಅಂಚೆಚೀಟಿ, ದೂರವಾಣಿ. ಹಿನ್ನೆಲೆಯಲ್ಲಿ ಗುಂಡಿನ ಸದ್ದಿಗಿಂತ ಹೆಚ್ಚು ಕೇಳಿಸುವುದು ಮೊಜಾರ್ಟ್‌ನ ಸಂಗೀತ.

ಇದನ್ನು ಬರೆದ ಗಾರ್‌ಫೀಲ್ಡರೇ 'ಡೆತ್ ವಿಶ್' ಕಾದಂಬರಿಯನ್ನೂ ಬರೆದವರು. 1974ರಲ್ಲಿ ಅದು ಚಿತ್ರವಾದಾಗ, ಬೀದಿಗಿಳಿದು ಕೊಲ್ಲುವವನನ್ನು ವೀರನೆಂಬಂತೆ ತೋರಿಸಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅಂಥವರು ರಕ್ತದ ಹನಿಯಿಲ್ಲದ ಗೂಢಚಾರ ಕಥೆಯನ್ನು ಕೊಟ್ಟಿದ್ದಾರೆಂದರೆ ಅದು ಹಗುರವಾದ ಕೆಲಸವಲ್ಲ. ಕೊಲ್ಲುವುದರಿಂದ ಮೈಯರ್ಸನ್ನನಂಥವನು ಹುತಾತ್ಮನಾಗುತ್ತಾನೆ. ಸೋಲಿಸಿದರೆ ಮತ್ತೆ ಎದ್ದು ಬರುತ್ತಾನೆ. ನಗುವಂತಾದರೆ ಮಾತ್ರ ಅವನ ಕುರ್ಚಿಯ ಭಯ ನಮ್ಮಿಂದ ಹೊರಟುಹೋಗುತ್ತದೆ. ನನ್ನಾಕೆ ಅಂದು ನಕ್ಕದ್ದು ಭಾಷೆ ತಿಳಿದಲ್ಲ. ಮೂರು ವರ್ಷ ನಾನು ಸಂಜೆ ಮನೆಗೆ ಬಂದಾಗ ನನ್ನ ಮುಖ ನೋಡಿದವಳು ಅವಳು. ಮನೆ ಪುಡಿಯಾದ ದೃಶ್ಯದಲ್ಲಿ ಅವಳು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆ ನಗೆಯನ್ನು ಹಗುರವೆನ್ನಲು ನನಗೆ ಸಾಧ್ಯವಿಲ್ಲ.

ಇನ್ನು ಚಿತ್ರದ ನಿಜವಾದ ಪಾಠ. ಅದು ಕೆಂಡಿಗ್‌ನಲ್ಲಿ ಇಲ್ಲ, ಜೋ ಕಟ್ಟರ್‌ನಲ್ಲಿದೆ. ಕಟ್ಟರ್ ಎಂದರೆ ಕೆಂಡಿಗ್ ಪಳಗಿಸಿದ ಕಿರಿಯ ಅಧಿಕಾರಿ. ಸ್ಯಾಮ್ ವಾಟರ್ಸ್ಟನ್ ಆ ಪಾತ್ರವನ್ನು ಬಹಳ ಹದವಾಗಿ ನಿರ್ವಹಿಸಿದ್ದಾರೆ. ಗುರುವನ್ನು ಹಿಡಿದು ತರುವ ಕೆಲಸ ಅವನ ಪಾಲಿಗೆ ಬರುತ್ತದೆ. ಅವನು ಕೆಲಸವನ್ನು ನಿರಾಕರಿಸುವುದಿಲ್ಲ. ಮೋಸವೂ ಮಾಡುವುದಿಲ್ಲ, ಪ್ರಾಮಾಣಿಕವಾಗಿ ಬೆನ್ನಟ್ಟುತ್ತಾನೆ. ಆದರೆ ಗುರುವನ್ನು ಹೀಯಾಳಿಸುವುದಿಲ್ಲ. ಮೈಯರ್ಸನ್ನನ ಮುಂದೆಯೇ ಗುರುವಿನ ಜಾಣ್ಮೆಯನ್ನು ಒಪ್ಪಿಕೊಳ್ಳುತ್ತಾನೆ. ಕೊನೆಯಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಕೆಂಡಿಗ್‌ನ ಹಳೆಯ ವಿಮಾನ ಸಿಡಿದು ಚೂರಾದಾಗ, ಒಳಗೆ ಯಾರೂ ಇರಲಿಲ್ಲವೆಂದೂ ಅದನ್ನು ನೆಲದ ಮೇಲಿಂದಲೇ ನಡೆಸುತ್ತಿದ್ದರೆಂದೂ ನಮಗೆ ಗೊತ್ತು. ಮೈಯರ್ಸನ್ ಅವನು ಸತ್ತನೆಂದು ನಂಬುತ್ತಾನೆ. ಕಟ್ಟರ್ ನಂಬಿದನೇ? ಅವನ ಮುಖ ನೋಡಿದರೆ ನನಗೆ ಹಾಗೆ ಅನ್ನಿಸಲಿಲ್ಲ. ಪುಸ್ತಕ ಹೊರಬಂದ ಮೇಲೆ ಸಿಖ್ಖರ ವೇಷದಲ್ಲಿ ಅಂಗಡಿಗೆ ಬಂದು ತನ್ನದೇ ಪುಸ್ತಕವನ್ನು ಕೇಳುವ ಕೆಂಡಿಗ್‌ನನ್ನು ಕಟ್ಟರ್ ಕಂಡಿದ್ದರೆ ಗುರುತಿಸುತ್ತಿದ್ದ, ಸುಮ್ಮನೆ ಮುಂದೆ ಹೋಗುತ್ತಿದ್ದ.

ನನಗೂ ಒಬ್ಬ ಕಟ್ಟರ್ ದೊರೆತಿದ್ದಳು. ನನ್ನ ಹತ್ತನೆಯ ತರಗತಿಯನ್ನು ವಹಿಸಿಕೊಂಡ ಉಪಾಧ್ಯಾಯಿನಿ ನನ್ನ ಹಳೆಯ ವಿದ್ಯಾರ್ಥಿನಿಯೇ. ಅವಳು ಆ ಆದೇಶವನ್ನು ಒಲ್ಲೆನೆನ್ನಲಿಲ್ಲ. ಹೊಸ ಕೆಲಸ, ಪುಟ್ಟ ಮಗು, ಒಲ್ಲೆನೆಂದರೆ ಅವಳಿಗೇ ಕಷ್ಟ. ನಾನೂ ಅದನ್ನು ಬಯಸಲಿಲ್ಲ. ಆದರೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಕಡತಗಳ ಕೋಣೆಯ ಬಾಗಿಲಲ್ಲಿ ನಿಂತು, "ಸರ್, 1857ರ ಪಾಠವನ್ನು ನೀವು ಎಲ್ಲಿಂದ ಆರಂಭಿಸುತ್ತಿದ್ದಿರಿ? ನಾನು ಹೇಳಿದರೆ ಮಕ್ಕಳು ಆಕಳಿಸುತ್ತಾರೆ" ಎಂದು ಕೇಳುತ್ತಿದ್ದಳು. ಬಿಸಿಯೂಟದ ಅಕ್ಕಿಯ ಲೆಕ್ಕವನ್ನು ಬದಿಗಿಟ್ಟು ನಾನು ಹೇಳುತ್ತಿದ್ದೆ. ಸೋಮವಾರ ಅದು ತರಗತಿಯಲ್ಲಿ ಅವಳ ಬಾಯಿಂದ ಬರುತ್ತಿತ್ತು. ನನ್ನನ್ನು ಪಾಠದಿಂದ ದೂರವಿಟ್ಟೆವೆಂದು ತಿಳಿದವರಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ಈಗ ಗೊತ್ತಾದರೆ ಅಡ್ಡಿಯಿಲ್ಲ.

ಆದ್ದರಿಂದ ಅಳಿಯನಿಗೂ, ಅವನಂತೆ ದೊಡ್ಡ ಕುರ್ಚಿಗಳಲ್ಲಿ ಕುಳಿತಿರುವ ನನ್ನ ವಿದ್ಯಾರ್ಥಿಗಳಿಗೂ ಹೇಳುವುದಿಷ್ಟು. ನಿಮ್ಮ ಕೈಕೆಳಗೆ ಕೆಂಡಿಗ್‌ಗಳು ಇರುತ್ತಾರೆ. ಅವರು ಮಾತು ಕೇಳದೇ ಇರಬಹುದು, ಹಠಮಾರಿಗಳೂ ಆಗಿರಬಹುದು. ತಪ್ಪು ಮಾಡಿದರೆ ಕರೆದು ಮುಖಕ್ಕೆ ಹೇಳಿ, ದಂಡಿಸಬೇಕಾದರೆ ದಂಡಿಸಿ. ಆದರೆ "ಆರಾಮವಾಗಿರಲಿ" ಎಂಬ ಸಿಹಿ ಸುಳ್ಳಿನಿಂದ ಮೂಲೆಗೆ ಸರಿಸಬೇಡಿ. ಒಬ್ಬ ಮನುಷ್ಯನಿಗೆ ತಿಳಿದದ್ದನ್ನು ಬಳಸದೆ ಕೊಳೆಸುವುದು ಕಣಜದ ಅಕ್ಕಿಯನ್ನು ಹುಳು ಹಿಡಿಸಿದಂತೆ. ನಷ್ಟ ಅಕ್ಕಿಗಲ್ಲ, ಮನೆಗೆ. ನೀವು ಕಟ್ಟರ್‌ನ ಜಾಗದಲ್ಲಿದ್ದರೆ ಆದೇಶವನ್ನು ಪಾಲಿಸಿ, ಶನಿವಾರ ಸಂಜೆ ಆ ಕೋಣೆಯ ಬಾಗಿಲನ್ನೂ ತಟ್ಟಿ.

ಮೂಲೆಯಲ್ಲಿರುವವರಿಗೂ ಒಂದು ಮಾತು. ಕುಂಟೆಬಿಲ್ಲೆ ಆಡುವ ಹುಡುಗಿಯರನ್ನು ನೋಡಿ. ಒಂದು ಕಾಲನ್ನು ಮಡಿಸಿದ ಮೇಲೆಯೇ ಆಟ ಶುರುವಾಗುವುದು. ಗೆರೆ ಮಾತ್ರ ತುಳಿಯಬೇಡಿ.

ಅಳಿಯನ ಉತ್ತರ ಬಂದರೆ ಅದನ್ನೂ ಇಲ್ಲಿಯೇ ಪೂರ್ತಿಯಾಗಿ ಹಾಕುತ್ತೇನೆ. ನಲವತ್ತು ಜನರನ್ನು ನಡೆಸುವವನ ಕಷ್ಟ ನನಗೆ ಗೊತ್ತಿಲ್ಲವೆಂದು ಅವನು ಹೇಳಿದ್ದಾನಲ್ಲ, ಅದನ್ನು ತಿಳಿಯುವ ಕುತೂಹಲ ನನಗೂ ಇದೆ. ಒಂದು ತರಗತಿಯಲ್ಲಿ ಅರವತ್ತು ಮಕ್ಕಳನ್ನು ನಡೆಸಿದವನು ನಾನು, ಹೋಲಿಸಿ ನೋಡೋಣ.

ಇಂತಿ ನಿಮ್ಮ,
ಮೇಷ್ಟ್ರು